ಹಸಿರು ಚುಕ್ಕಿ

ಪಿಎಚ್‌ಡಿ ಸಂದರ್ಶನ ಮುಗಿದ ಮೇಲೆ ಪ್ರೊಫೆಸರು ಅವಳನ್ನು ಲೇಸರ್ ಲ್ಯಾಬಿಗೆ ಕರೆದೊಯ್ದರು. ಇಬ್ಬರೂ ಸುರಕ್ಷತೆಯ ಕನ್ನಡಕ ಹಾಕಿಕೊಂಡರು.

"ಲೇಸರ್ ಈಗ ಆನ್ ಇದೆ. ಆದರೆ ಇದರ ಕಿರಣ ಕಣ್ಣಿಗೆ ಕಾಣಲ್ಲಮ್ಮ. ಅಡ್ಡ ಈ ಕಾರ್ಡ್ ಹಿಡಿದರೆ ಮಾತ್ರ ಹಸಿರು ಚುಕ್ಕಿ ಹೊಳೆಯುತ್ತೆ."

"ಕಣ್ಣಿಗೇ ಬಿದ್ದರೆ, ಸರ್?"

"ನೋವೇ ಆಗಲ್ಲ. ಒಳಪರದೆ ಸುಟ್ಟು, ಆ ಕಣ್ಣಿಗೆ ನೋಟದ ನಡುವೆ ಒಂದಿಷ್ಟು ಕಾಣದೇ ಹೋಗುತ್ತೆ. ಇನ್ನೊಂದು ಕಣ್ಣು ಅದನ್ನು ತುಂಬಿಕೊಡೋದರಿಂದ ಎಷ್ಟೋ ಜನಕ್ಕೆ ಅದು ಗೊತ್ತೂ ಆಗಲ್ಲ. ನನ್ನ ಲ್ಯಾಬಲ್ಲಿ ಇದುವರೆಗೆ ಯಾರಿಗೂ ಹಾಗಾಗಿಲ್ಲ."

ಆಫ್ ಮಾಡಲು ಸ್ವಿಚ್ ಒತ್ತಿದರು. ರೂಢಿಯಂತೆ ಒಂದು ಕಣ್ಣು ಮುಚ್ಚಿ, ಕಿರಣದ ದಾರಿಗೆ ಕಾರ್ಡ್ ಹಿಡಿದು ದಿಟ್ಟಿಸಿದರು.

"ಆಫ್ ಆಗಿದೆ. ಕನ್ನಡಕ ತೆಗಿ. ಹೇಳಿದ ಮಾತು ಕೇಳೋ ಹಾಗಿದ್ದರೆ ಸೀಟು ನಿನಗೇ."

ಅವರು ತಮ್ಮದನ್ನು ತೆಗೆಯುತ್ತಿದ್ದರು. ಕಾರ್ಡಿನ ನಟ್ಟನಡುವೆ ಹಸಿರು ಚುಕ್ಕಿ ಹೊಳೆಯುತ್ತಲೇ ಇತ್ತು.