ವೃಷಭೇಂದ್ರನ ಕಿರುಬೆರಳು

ರಜೆ ಕೇಳುವವರ ನೋವನ್ನು ಸೂಪರ್‌ವೈಸರ್ ತನ್ನ ಮೈಯಲ್ಲೇ ಅನುಭವಿಸಿ ನೋಡಬೇಕು. ಗಾರ್ಮೆಂಟ್ಸಿನಲ್ಲಿ ಅದೇ ಕಾಯಿದೆ. ಜವರಮ್ಮ, ಒಬ್ಬರ ನೋವನ್ನು ಇನ್ನೊಬ್ಬರ ಮೈಗೆ ದಾಟಿಸುವ ನೋವುಪಟ್ಟಿಯ ಒಂದು ತುದಿಯನ್ನು ತನ್ನ ಬಲಮೊಣಕೈಗೆ ಸುತ್ತಿಕೊಂಡು, ಇನ್ನೊಂದನ್ನು ವೃಷಭೇಂದ್ರನ ಮುಂದೆ ಎಸೆದಳು.

ಅವನು ಎಂದಿನಂತೆ ಮೇಜಿನ ಅಂಚಿಗೆ ಬಲಮೊಣಕೈ ಊರಿ, ಗಲ್ಲಕ್ಕೆ ಕೈಕೊಟ್ಟು ಕೂತಿದ್ದ. ದಿನವಿಡೀ ಹಾಗೆ ಕೂತು ಹೆಂಗಸರನ್ನು ಕಾಯುವುದೇ ಅವನ ಕೆಲಸ.

"ನಿಂದೂ ಜೋಮಿನ ಕತೇನಾ?" ಎನ್ನುತ್ತ ತನ್ನ ಬಲಮೊಣಕೈಗೆ ಪಟ್ಟಿ ಬಿಗಿದುಕೊಂಡ.

"ಕತೆಯಲ್ಲ. ಕೈ ಮಡಚ್ಕಂಡು ಹೊಲ್ದು ಹೊಲ್ದು ಮೊಣಕೈಲಿ ನರ ಒತ್ಕಂಡದಂತೆ, ಡಾಕ್ಟ್ರು ಹೇಳವ್ರೆ. ಕೈ ಮಡಚ್ಬಾರ್ದು ಅಂತ ರಾತ್ರಿ ಟವಲ್ ಸುತ್ಕಂಡು ಮಲಗ್ತೀನಿ. ಒಂದಷ್ಟು ದಿನ ಕೆಲ್ಸಾನೂ ಬಿಟ್ಟಿರ್ಬೇಕಂತೆ, ಇಲ್ದಿದ್ರೆ ಬೆರಳು ಸೊಟ್ಟಗಾಯ್ತವಂತೆ."

ವೃಷಭೇಂದ್ರ ಬೆರಳಾಡಿಸಿ ನೋಡಿದ. "ನಂಗೇನೂ ಹೊಸ್ದು ಅನ್ನಿಸ್ತಿಲ್ಲ. ಕಿರುಬೆರಳು, ಉಂಗುರದ ಬೆರಳು ಜೋಮು, ಅಷ್ಟೆ. ಎಲ್ರ ಕೈಯೂ ಹಿಂಗೇ ಇರ್ತದೆ. ನಾಟಕ ಸಾಕು, ಹೋಗಿ ಮಿಷನ್ ಮುಂದೆ ಕೂತ್ಕೊ."

ಹಿಂದೆ ಹೀಗೇ ರಜೆ ಕೇಳಿದ್ದ ನಿಂಗವ್ವನಿಗೂ ಇದೇ ಮಾತು ಹೇಳಿ ಕಳಿಸಿದ್ದ. ಈಗ ಅವಳಿಗೆ ಒಂದು ಗುಂಡಿ ಹಿಡಿಯಲೂ ಬರುವುದಿಲ್ಲ.

ಜವರಮ್ಮ ಅವನ ಮೊಣಕೈಯನ್ನೂ ಮೇಜಿನ ಅಂಚನ್ನೂ ದಿಟ್ಟಿಸಿದಳು. ಇಬ್ಬರ ಕೈಯಿಂದಲೂ ಪಟ್ಟಿ ಬಿಚ್ಚಿದಳು. ಅವನು ರಜೆ ಕೇಳಲು ನಿಂತ ಮುಂದಿನವಳನ್ನು ಗದರಲು ಅತ್ತ ತಿರುಗಿದಾಗ, ಸೆರಗಿನ ಗುಂಡುಸೂಜಿ ತೆಗೆದು, ಮೇಜಿನ ಮೇಲೆ ಚಾಚಿದ್ದ ಅವನ ಬಲಗೈಯ ಕಿರುಬೆರಳಿಗೆ ಚುಚ್ಚಿ ಕೈಬಿಟ್ಟಳು.

ಮಿಷನ್‌ಗಳು ಒಂದೊಂದಾಗಿ ನಿಂತವು.

"ಯಾಕ್ರೇ ನಿಲ್ಸಿದ್ರಿ?" ಎಂದು ವೃಷಭೇಂದ್ರ ಅವರತ್ತ ಅದೇ ಕೈ ಬೀಸಿದ. ಸೂಜಿ ಇನ್ನೂ ಬೆರಳಲ್ಲೇ ಇತ್ತು.