ಬಿಸಿನೀರಿನ ಉಪಚಾರ

ಗ್ಯಾರೇಜಿನ ಮಿಕಾಮಿ ಕಾರನ್ನು ಲಿಫ್ಟಿನ ಮೇಲೇರಿಸಿ, ಅದರ ಹೊಟ್ಟೆಯಡಿ ಹಾದುಹೋಗಿದ್ದ ಬ್ರೇಕಿನ ಪೈಪನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದ. ಪೈಪು ಹಪ್ಪಳದ ಹಾಗೆ ಮುರಿದು ಕೈಗೆ ಬಂತು.

"ಅಕ್ಕ, ಇದೇ ಕಾರಲ್ಲಿ ಘಾಟಿ ಇಳಿದು ಬಂದ್ರಾ?"

ಸವಾಕೊ ಕತ್ತೆತ್ತಿ ಮುರಿದ ಜಾಗ ನೋಡಿದಳು. ಕೆಳಗಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸ್ ಅವಳು. ಘಾಟಿ ಇಳಿಯದೆ ಅವಳ ದಿನ ಕಳೆಯುವುದಿಲ್ಲ. "ಮೂರೇ ಚಳಿಗಾಲ ಕಂಡಿರೋ ಕಾರು ಇದು. ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರೀತಾರಲ್ಲ, ಅದಕ್ಕೆ ಇಷ್ಟು ತಾಕತ್ತಾ?"

"ಅದೊಂದಕ್ಕೇ ಆದ್ರೆ ಹತ್ತು ವರ್ಷನಾದ್ರೂ ಬೇಕು. ತೊಳೀದೆ ಹಾಗೇ ಬಿಟ್ಟಿದ್ರಾ?"

"ಬಿಡೋದುಂಟಾ? ನಮ್ಮ ಮಾವ ದಿನಾ ಸಂಜೆ ತೊಳೀತಾರೆ. ಒಂದು ದಿನ ತಪ್ಸಿಲ್ಲ."

"ಯಾವ ನೀರಲ್ಲಿ?"

"ಬುಗ್ಗೆ ನೀರಲ್ಲಿ. ಬಿಸಿಬಿಸಿ."

ಮಿಕಾಮಿ ಕೈಯಲ್ಲಿದ್ದ ಚೂರನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. "ನಮ್ಮೂರ ಬುಗ್ಗೆ ಸ್ನಾನದ ಮನೇಲಿ ಒಂದಾದ್ರೂ ಕಬ್ಬಿಣದ ಮೊಳೆ ಕಂಡಿದೀರಾ ಅಕ್ಕ? ಬುಗ್ಗೆ ದೇವತೆಗೆ ಕಬ್ಬಿಣ ಆಗಲ್ಲ ಅಂತ ಅಜ್ಜಿಯರು ಸುಮ್ನೆ ಹೇಳ್ತಿದ್ರಾ? ರಸ್ತೆ ಉಪ್ಪಿನ ಮೇಲೆ ಆ ನೀರಿನ ಉಪ್ಪು, ಜೊತೆಗೆ ಬಿಸಿ ಬೇರೆ. ನಿಮ್ಮ ಮಾವ ಕಾರಿಗೆ ಸ್ನಾನ ಮಾಡಿಸಿಲ್ಲ, ಉಪ್ಪಿನಕಾಯಿ ಹಾಕಿದಾರೆ."

ಸವಾಕೊಗೆ ನಗು ಬರಲಿಲ್ಲ. ಮೊದಲ ಹಿಮ ಬೀಳುತ್ತಲೇ ಗಂಡ ಕಟ್ಟಡದ ಕೆಲಸಕ್ಕೆಂದು ದಕ್ಷಿಣದ ಪಟ್ಟಣಕ್ಕೆ ಹೋದರೆ, ಅದು ಕರಗುವವರೆಗೆ ಮನೆಯಲ್ಲಿ ಅವಳು, ಮಾವ ತೊಮೆಕಿಚಿ ಇಬ್ಬರೇ. ಮಾವ ಜೀವಮಾನವೆಲ್ಲ ಅಂಚೆಯವರಾಗಿ ಊರೂರ ಸುದ್ದಿ ಹೊತ್ತವರು, ತಮ್ಮ ಬಾಯಿಂದ ಮಾತ್ರ ಒಂದು ಸುದ್ದಿಯನ್ನೂ ಬಿಟ್ಟವರಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ 'ಸುಸ್ತಾಯ್ತಾ' ಎಂದು ಅವಳನ್ನು ಕೇಳಿದ್ದಿಲ್ಲ. ಆದರೆ ಸಂಜೆ ಕಾರಿನ ಸದ್ದು ಕೇಳಿದರೆ ಸಾಕು, ಎರಡು ಬಕೆಟ್ ಬುಗ್ಗೆ ನೀರು ಹಿಡಿದು ಬಂದು, ಹಿಮದ ಮೇಲೆ ಚಾಪೆ ಹಾಸಿ, ಅಂಗಾತ ಮಲಗಿ ಕಾರಿನ ಅಡಿಗೆ ನೀರೆರಚುತ್ತಿದ್ದರು. ಕಾಗದ ಹಂಚುವಾಗ ಹಿಮಕ್ಕೆ ಕೊಳೆಯಬೇಕಿದ್ದ ಅವರ ಕಾಲ್ಬೆರಳುಗಳನ್ನು ಉಳಿಸಿದ ನೀರು ಅದು. ರಸ್ತೆಯ ಉಪ್ಪು ಕಾರ್ಖಾನೆಯದು, ಬುಗ್ಗೆಯ ಉಪ್ಪು ದೇವರದು ಎಂಬುದು ಅವರ ಲೆಕ್ಕ. ಅಡುಗೆಮನೆಯಲ್ಲಿ ನಿಂತು ಆ ನೀರಿನ ಸದ್ದು ಕೇಳುವಾಗ ಸವಾಕೊಗೆ ದಿನದ ದಣಿವೆಲ್ಲ ಇಳಿಯುತ್ತಿತ್ತು. ಹೆತ್ತ ತಂದೆಯ ಮೇಲೂ ಅವಳಿಗೆ ಅಷ್ಟು ಪ್ರೀತಿ ಉಕ್ಕಿದ್ದಿಲ್ಲ.

"ನೀವೇ ಹೇಳಿ ಅವರಿಗೆ," ಎಂದಳು.

"ನಾನಂತೂ ಹೇಳಲ್ಲಪ್ಪ. ಹೆಣ್ಣಿನ ಕಡೆಯವರು ನನ್ನ ಒಪ್ಪಿದ ಕಾಗದನ ಸೊಂಟದುದ್ದ ಹಿಮದಲ್ಲಿ ನಡ್ಕೊಂಡು ತಂದ್ಕೊಟ್ಟವರು ಅವರು." ಮಿಕಾಮಿ ಹೊಸ ಪೈಪು ಹಾಕಿ, ಅಡಿಗೆಲ್ಲ ತುಕ್ಕು ತಡೆಯುವ ಎಣ್ಣೆ ಬಳಿದ. "ಎಣ್ಣೆ ಹಚ್ಚಿದೆ, ತೊಳೀಬಾರ್ದಂತೆ ಅಂತ ಒಂದು ಸುಳ್ಳು ಹೇಳ್ಬಿಡಿ. ಆಮೇಲೆ ನೀವೇ ವಾರಕ್ಕೆರಡು ಸಲ ಸಪ್ಪೆ ನೀರಲ್ಲಿ ತೊಳ್ಕೊಳ್ಳಿ."

ಘಾಟಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಬಂದಳು. ಮಾವ ಬಕೆಟ್ ಹಿಡಿದು ನಿಂತೇ ಇದ್ದರು. ಅವಳು ಹೇಳಿದ್ದನ್ನು ಕೇಳಿ ಬಕೆಟ್ಟನ್ನು ಕೆಳಗಿಟ್ಟರು. ಆದರೆ ಚಾಪೆ ಹಾಸಿ, ಟಾರ್ಚ್ ಹಿಡಿದು ಕಾರಿನಡಿ ನುಸುಳಿಯೇಬಿಟ್ಟರು.

"ಈ ಪೈಪು ಹೊಸದು," ಎಂದು ಅಡಿಯಿಂದ ದನಿ ಬಂತು.

ಆ ಕಾರಿನ ಹೊಟ್ಟೆಯನ್ನು ಮಿಕಾಮಿಗಿಂತ ಚೆನ್ನಾಗಿ ಬಲ್ಲವರು ಮಾವ ಎಂಬುದನ್ನೇ ಸುಳ್ಳು ಹೂಡಿದ ಇಬ್ಬರೂ ಮರೆತಿದ್ದರು. "ಬ್ರೇಕಿಂದು, ಮಾವ."

"ಹಳೇದಕ್ಕೆ ಏನಾಗಿತ್ತು?"

ಕಾರಿನಡಿಯಿಂದ ಹೊರಗೆ ಚಾಚಿದ್ದ ಎರಡು ಮುದಿ ಕಾಲುಗಳಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ. "ಬುಗ್ಗೆ ನೀರು ತಿಂದುಬಿಟ್ಟಿತ್ತು."

ಮಾವ ಹೊರಗೆ ಬಂದರು. ಎರಡೂ ಬಕೆಟ್ ನೀರನ್ನು ಚರಂಡಿಗೆ ಸುರಿದು ಒಳಗೆ ಹೋದರು. ಆ ಸಂಜೆ ಊಟ ಮಾಡಲಿಲ್ಲ, ಟಿವಿಯನ್ನೂ ಹಾಕಲಿಲ್ಲ.

ಮರುದಿನ ಸವಾಕೊ ರೋಗಿಗಳ ಕೈ ಹಿಡಿದು ಕೂತರೂ ಮನಸ್ಸೆಲ್ಲ ಮನೆಯಲ್ಲೇ ಇತ್ತು. ತಾನು ಬದುಕಿ ಉಳಿದದ್ದಕ್ಕಿಂತ ಮಾವನ ಮುಖ ಬಾಡಿದ್ದೇ ಅವಳಿಗೆ ದೊಡ್ಡದಾಗಿತ್ತು. ಸಂಜೆ ಕಾರು ನಿಲ್ಲಿಸಿದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಗಾಬರಿಯಿಂದ ಒಳಗೆ ಓಡಿದಳು.

ಅಡುಗೆಮನೆಯ ತುಂಬ ಹಬೆ. ಅನ್ನದ ಪಾತ್ರೆ, ಸಾರಿನ ಪಾತ್ರೆ, ಕೆಟಲ್, ಮೂಲಂಗಿ ಉಪ್ಪಿಗೆ ಹಾಕುವ ದೊಡ್ಡ ಪೀಪಾಯಿ, ಎಲ್ಲದರಲ್ಲೂ ಹಿಮ ಕರಗುತ್ತಿತ್ತು. ಮಾವ ಒಂದೊಂದಕ್ಕೂ ಬೆರಳದ್ದಿ ನಾಲಿಗೆಗಿಟ್ಟು ನೋಡುತ್ತಿದ್ದರು.

"ಇದು ಸಪ್ಪೆ. ಇದೂ ಸಪ್ಪೆ. ಈ ಪೀಪಾಯಿದು ಬೇಡ."

"ನಲ್ಲಿ ನೀರೂ ಸಪ್ಪೇನೇ ಅಲ್ವಾ ಮಾವ?"

"ಅದಕ್ಕೆ ಔಷಧಿ ಹಾಕ್ತಾರೆ. ಇನ್ನು ನಾನು ಯಾವ ನೀರನ್ನೂ ನಂಬಲ್ಲ."

ಸವಾಕೊಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಪೀಪಾಯಿಯನ್ನು ಬದಿಗೆ ಸರಿಸುತ್ತ, "ರಸ್ತೆ ಪಕ್ಕದ ಹಿಮ ತಂದಿಲ್ಲ ತಾನೇ? ಅದರಲ್ಲೂ ಉಪ್ಪಿರತ್ತೆ," ಎಂದಳು.

"ಅಷ್ಟೂ ಗೊತ್ತಿಲ್ವಾ ನನಗೆ? ಛಾವಣಿ ಮೇಲಿಂದ ಇಳಿಸಿದ್ದು."

ಅವಳ ನಗು ನಿಂತಿತು. ಛಾವಣಿಯ ಹಿಮ ತೆಗೆಯಲು ಹತ್ತಿ, ಜಾರಿಬಿದ್ದು ಹಾಸಿಗೆ ಹಿಡಿದ ಮೂವರಿಗೆ ಅವತ್ತೇ ಮಗ್ಗುಲು ಬದಲಿಸಿ ಬಂದಿದ್ದಳು. "ಎಪ್ಪತ್ತೆಂಟನೇ ವಯಸ್ಸಲ್ಲಿ ಒಬ್ಬರೇ ಛಾವಣಿ ಹತ್ತಿದ್ರಾ ಮಾವ? ಬಿದ್ದಿದ್ರೆ ಏನು ಗತಿ?"

ಮಾವ ಅವಳ ಮುಖ ನೋಡದೆ ಬಕೆಟ್ ಎತ್ತಿಕೊಂಡರು.

"ನಾನು ತೊಳೆದ ಬ್ರೇಕ್ ನಂಬ್ಕೊಂಡು ಮೂರು ಚಳಿಗಾಲ ಘಾಟಿ ಇಳಿದಿದೀಯ. ನಾನು ಒಂದು ಛಾವಣಿ ಹತ್ತಬಾರ್ದಾ?"