ಬಾಗಿಲಲ್ಲಿ ಆಡಿದ ಸುಳ್ಳು

ಸ್ಪಿರಿಟ್ ಹಚ್ಚಿದ ಹತ್ತಿಯ ವಾಸನೆ ಬಂದರೆ ಈಗಲೂ ನನಗೆ ಮಾಸೂರಿನ ನಮ್ಮ ಮನೆಯ ಬಾಗಿಲು ನೆನಪಾಗುತ್ತದೆ.

ಅಜ್ಜಿಯ ಅಂಗಾಲಲ್ಲಿ ಒಂದು ಹುಣ್ಣಾಗಿತ್ತು. ಅರಿಶಿನ ಮೆತ್ತಿ, ಹಳೆ ಸೀರೆಯ ಚೂರು ಸುತ್ತಿಕೊಂಡು, "ನೋವ ಇಲ್ಲ ಬಿಡ, ಏನಾಗ್ತೈತಿ" ಎನ್ನುತ್ತಿದ್ದಳು. ಅವ್ವನಿಗೆ ಮಾತ್ರ ಸಮಾಧಾನವಿರಲಿಲ್ಲ. ಒಂದು ದಿನ ಕೂಲಿಗೆ ಹೊರಡುವಾಗ ನನಗೆ ಹೇಳಿದಳು: "ಇವತ್ತ ಆಸ್ಪತ್ರಿ ಗಾಡಿ ಬರತೈತಿ. ಮನಿ ಮನಿಗೆ ಬಂದು ನೋಡ್ತಾರ. ಅಜ್ಜಿ ಕಾಲು ತೋರಸು, ಮರೀಬ್ಯಾಡ."

ಮಧ್ಯಾಹ್ನ ನರ್ಸಕ್ಕ ಕೊಡೆ ಮಡಚುತ್ತ ಹೊಸ್ತಿಲ ಬಳಿ ಬಂದು ನಿಂತಳು. ಅವಳ ಕೈ ಸ್ಪಿರಿಟ್ ನಾರುತ್ತಿತ್ತು. ಪಕ್ಕದ ಮನೆಯಲ್ಲಿ ಅವಳು ಬೆರಳು ಚುಚ್ಚಿ ರಕ್ತ ತೆಗೆದದ್ದನ್ನು ಆಗಷ್ಟೇ ನೋಡಿದ್ದೆ. ನನಗೂ ಚುಚ್ಚುತ್ತಾಳೆಂದು ಹೆದರಿದೆ.

"ಮನ್ಯಾಗ ಹಿರ್ಯಾರು ಯಾರರ ಅದಾರೇನವಾ?"

"ಯಾರೂ ಇಲ್ರಿ. ಎಲ್ಲಾರೂ ಹೊಲಕ್ಕ ಹೋಗ್ಯಾರ."

ಒಳಗೆ ಅಜ್ಜಿ ನಿದ್ದೆ ಹೋಗಿದ್ದಳು. ನರ್ಸಕ್ಕ ನನ್ನ ತಲೆ ಸವರಿ ಮುಂದಿನ ಮನೆಗೆ ನಡೆದಳು. ಸಂಜೆ ಅವ್ವ ಕೇಳಿದಾಗ, ನರ್ಸಕ್ಕ ನಮ್ಮ ಮನೆಗೆ ಬರಲೇ ಇಲ್ಲ ಎಂದುಬಿಟ್ಟೆ.

ಮುಂದಿನ ಸಲ ಗಾಡಿ ಬರುವಷ್ಟರಲ್ಲಿ ಹುಣ್ಣು ಕೊಳೆತಿತ್ತು. ಅದೇ ನರ್ಸಕ್ಕ ಅಜ್ಜಿಯನ್ನು ಗಾಡಿಗೆ ಹತ್ತಿಸಿಕೊಂಡಳು. ಹೊರಡುವ ಮೊದಲು ಒಮ್ಮೆ ನನ್ನನ್ನು ನೋಡಿದಳು, ಆದರೆ ಯಾರಿಗೂ ಏನೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಎಂದರು. ಪಾದ ತೆಗೆಯಬೇಕಾಯಿತು.

ಮಾತಾಡಿಸಲು ಬಂದವರಿಗೆಲ್ಲ ಅಜ್ಜಿ ಹೇಳುತ್ತಿದ್ದಳು: "ಆವತ್ತ ನರ್ಸಮ್ಮ ನಮ್ಮ ಮನಿಗೆ ಬರಲಿಲ್ರಿ. ಬಂದಿದ್ರ ನಮ್ಮ ಹುಡುಗಿ ನನ್ನ ಎಬ್ಬಸ್ತಿದ್ಲು."

ನಾನು ಅವಳ ಮಗ್ಗುಲಲ್ಲೇ ಕುಳಿತಿರುತ್ತಿದ್ದೆ.